ಟೂರ್ನಮೆಂಟ್‌ಗೆ ಹೊರಡುವ ಮುಂಚೆ ಮಗುವಿನ ಜೇಬು ನೋಡಿ

ದಾವಣಗೆರೆಯಿಂದ ಬೆಳಗಿನ ಜಾವದ ರೈಲು ಹತ್ತಿ ಮಕ್ಕಳನ್ನು ರೇಟೆಡ್ (ಫಲಿತಾಂಶ ಆಟಗಾರರ ರೇಟಿಂಗ್ ಅಂಕಕ್ಕೆ ಸೇರುವ) ಚೆಸ್ ಟೂರ್ನಮೆಂಟ್‌ಗೆ ಕರ್ಕೊಂಡು ಹೋಗುವ ಅಪ್ಪ-ಅಮ್ಮಂದಿರಿಗಾಗಿ ಇದು. ಬುತ್ತಿ, ನೀರು, ಪೆನ್ನು ಎಲ್ಲ ನೆನಪಿರುತ್ತದೆ. ಫೋನ್ ವಿಷಯ ಮರೆತೇ ಹೋಗುತ್ತದೆ.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ ಆಟದ ಹಾಲ್‌ನಲ್ಲಿ ಆಟಗಾರರ ಮೈಮೇಲೆ ಫೋನ್ ಇದ್ದರೆ ಆ ಗೇಮ್ ಸೋತ ಹಾಗೆ. ರಿಂಗ್ ಆಗಬೇಕೆಂದೇನಿಲ್ಲ, ಆಫ್ ಆಗಿದ್ದರೂ ಅಷ್ಟೇ. ಕೆಲವು ಕಡೆ ಶಿಕ್ಷೆ ಕಡಿಮೆ ಇಟ್ಟಿರುತ್ತಾರೆ, ಅದನ್ನು ನಂಬಿಕೊಂಡು ಹೋಗಬೇಡಿ. ನಮ್ಮ ಚೆಸ್ ಕ್ಲಾಸಿನ ಒಬ್ಬ ಹುಡುಗ ಗೆಲ್ಲುವ ಆಟವನ್ನು ಹೀಗೇ ಕಳೆದುಕೊಂಡ. ಚಳಿ ಅಂತ ಅಪ್ಪ ತಮ್ಮ ಜರ್ಕಿನ್ ಹಾಕಿಸಿದ್ದರು, ಫೋನ್ ಅದರ ಒಳಜೇಬಲ್ಲೇ ಉಳಿದಿತ್ತು. ಅವನು ಅತ್ತಿದ್ದು ನೋಡಿ ನನ್ನ ಕರುಳು ಚುರುಕ್ ಅಂತು. ಆದರೂ ಆರ್ಬಿಟರ್, ಅಂದರೆ ಆಟದ ತೀರ್ಪುಗಾರರು, ಮಾಡಿದ್ದು ಸರಿ. 2006ರಲ್ಲಿ ದೆಹಲಿಯಲ್ಲಿ ಟೋಪಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಆಡಿದವನಿಗೆ 10 ವರ್ಷ ನಿಷೇಧ ಬಿತ್ತು, 2019ರಲ್ಲಿ ಫ್ರಾನ್ಸ್‌ನಲ್ಲಿ ಟಾಯ್ಲೆಟ್‌ನಲ್ಲಿ ಫೋನ್ ನೋಡುತ್ತಾ ಸಿಕ್ಕಿಬಿದ್ದ ಗ್ರ್ಯಾಂಡ್‌ಮಾಸ್ಟರ್ ಆ ಬಿರುದನ್ನೇ ಕಳೆದುಕೊಂಡ. ಪುಕ್ಕಟೆ ಸಿಗುವ ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಮ್) ಇವತ್ತು ವಿಶ್ವ ಚಾಂಪಿಯನ್‌ಗಿಂತ ಚೆನ್ನಾಗಿ ಆಡುತ್ತದೆ. ಮುಖ ನೋಡಿ ನಂಬಿ ಅಂದರೆ ಆರ್ಬಿಟರ್ ಹೇಗೆ ನಂಬಬೇಕು?

ಅದಕ್ಕೇ ಹಾಲ್ ಬಾಗಿಲಲ್ಲಿ ನಿಂತು ಎಲ್ಲ ಜೇಬಿಗೂ ಕೈ ಹಾಕಿ ನೋಡಿ. ಸ್ಮಾರ್ಟ್‌ವಾಚ್ ಬಿಚ್ಚಿಸಿ, ಮೇಜಿನ ಮೇಲೆ ಕ್ಲಾಕ್ ಇರುತ್ತದಲ್ವಾ. ಆಟ ಶುರುವಾದ ಮೇಲೆ ಕಿಟಕಿಯಿಂದ ಸನ್ನೆ ಮಾಡಬೇಡಿ, ಬರೀ ಧೈರ್ಯ ಹೇಳೋಕಾದರೂ ಬೇಡ. ನೋಡುವವರಿಗೆ ಅದು ನಡೆ ಹೇಳಿಕೊಟ್ಟ ಹಾಗೇ ಕಾಣುತ್ತದೆ. ಟಾಯ್ಲೆಟ್‌ಗೆ ಹೋಗಬೇಕಾದರೆ ತನ್ನ ನಡೆ ಆಡಿ, ಕ್ಲಾಕ್ ಒತ್ತಿ, ಆರ್ಬಿಟರ್‌ಗೆ ಹೇಳಿ ಹೋಗಲಿ.

ಎದುರಾಳಿ ಮೇಲೆ ಅನುಮಾನ ಬಂದರೆ? ಮಗು ಕ್ಲಾಕ್ ನಿಲ್ಲಿಸಿ ಆರ್ಬಿಟರ್‌ನ ಕರೆದು ಮೆಲ್ಲಗೆ ಹೇಳಬೇಕು, ನಿಲ್ಲಿಸುವ ಹಕ್ಕು ಅದಕ್ಕಿದೆ. ನೀವು ಮಾತ್ರ "ಮೋಸ" ಅಂತ ಕೂಗಾಡಬೇಡಿ. ಆ ಕಡೆ ಕೂತಿರೋದೂ ಒಂದು ಮಗುವೇ, ಸುಮ್ನೆ ಹೊರಿಸಿದ ಮಾತು ಅದರ ಮನಸ್ಸಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎಂಜಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮನೆಗೆ ಬಂದ ಮೇಲೆ ನಡೆಗಳನ್ನು ಬರೆದುಕೊಂಡ ಸ್ಕೋರ್‌ಶೀಟ್ ತೆಗೆದು, ಎಲ್ಲಿ ತಪ್ಪಾಯಿತು, ಆಗ ತಲೆಯಲ್ಲಿ ಏನಿತ್ತು ಅಂತ ಮೊದಲು ಮಗುವೇ ಪೆನ್ಸಿಲ್‌ನಲ್ಲಿ ಬರೆಯಲಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಆಮೇಲೆ ಸ್ಟಾಕ್‌ಫಿಶ್ ಆನ್ ಮಾಡಿ ಇಬ್ಬರೂ ಕೂತು ಹೋಲಿಸಿ ನೋಡಿ.