ಮಗುವಿನ ಕೇಸು ಕೋರ್ಟಿಗೆ ಹೋದಾಗ ಏನೇನು ಕೇಳಿ ಪಡೆಯಬೇಕು

ನಾನು ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ, ಕೇಸುಗಳಲ್ಲಿ ಮಕ್ಕಳ ಜೊತೆ ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಓಡಾಡುವ ಬೆಂಬಲ ವ್ಯಕ್ತಿ. ಕಾನೂನು ಮಗುವಿಗೆ ಕೊಟ್ಟಿರುವ ರಕ್ಷಣೆ ಸಾಕಷ್ಟಿದೆ. ಆದರೆ ಕೇಳದಿದ್ದರೆ ಅದರಲ್ಲಿ ಅರ್ಧ ಕೈಗೆ ಸಿಗುವುದಿಲ್ಲ. ಮಗುವಿನ ತಾಯಿ, ಅಜ್ಜಿ, ಸೋದರಮಾವ, ಶಾಲೆಯ ಮೇಡಂ, ಯಾರು ಜೊತೆಗೆ ನಿಂತಿದ್ದೀರೋ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಮಗುವಿನ ವಿಷಯ ಎರಡು ಕಡೆ ನಡೆಯುತ್ತದೆ. ಮಗು ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು ಅನ್ನುವುದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಎಲ್ಲರೂ ಸಿಡಬ್ಲ್ಯೂಸಿ ಅಂತಲೇ ಕರೆಯುತ್ತಾರೆ. ಅಧ್ಯಕ್ಷರು, ನಾಲ್ಕು ಜನ ಸದಸ್ಯರು ಇರುತ್ತಾರೆ, ಮ್ಯಾಜಿಸ್ಟ್ರೇಟರ ಅಧಿಕಾರವೂ ಇದೆ. ಆರೋಪಿಗೆ ಶಿಕ್ಷೆ ಆಗಬೇಕೋ ಬೇಡವೋ ಅನ್ನುವುದು ಸೆಷನ್ಸ್ ಮಟ್ಟದ ವಿಶೇಷ ನ್ಯಾಯಾಲಯದ ಕೆಲಸ. ಸಿಡಬ್ಲ್ಯೂಸಿ ಮುಂದೆ ಹೋಗಿ ಬಂದವರು 'ಕೋರ್ಟಲ್ಲಿ ಹೇಳಿ ಆಯ್ತಲ್ಲ' ಅಂದುಕೊಂಡು ಸಮನ್ಸ್ ಬಂದಾಗ ಗಾಬರಿಯಾಗುತ್ತಾರೆ. ಹಾಗಲ್ಲ, ಅದು ಬೇರೆ, ಇದು ಬೇರೆ.

ನಿರ್ಲಕ್ಷ್ಯದ ವಿಷಯಗಳು ಹೆಚ್ಚಾಗಿ ಸಿಡಬ್ಲ್ಯೂಸಿಯಲ್ಲೇ ಮುಗಿಯುತ್ತವೆ. ಅಪ್ಪ ದಿನವಿಡೀ ಕುಡಿದಿರುತ್ತಾನೆ, ಅಮ್ಮ ಕಬ್ಬು ಕಡಿಯಲು ಗುಳೆ ಹೋಗಿದ್ದಾಳೆ, ಎರಡು ಮಕ್ಕಳು ಊಟವಿಲ್ಲದೆ ಮನೆಯಲ್ಲಿವೆ ಅಂದುಕೊಳ್ಳಿ. ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಸಾಕು. ಮಕ್ಕಳನ್ನು ಕರೆದುಕೊಂಡು ಬಂದರೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು. ಮನೆಯ ಪರಿಸ್ಥಿತಿ ನೋಡಿ ಬರಲು ಒಬ್ಬರನ್ನು ಕಳಿಸುತ್ತಾರೆ. ಅವರು 15 ದಿನದೊಳಗೆ ವರದಿ ಕೊಡಬೇಕು, ನಾಲ್ಕು ತಿಂಗಳೊಳಗೆ ಸಮಿತಿಯ ಆದೇಶ ಬರಬೇಕು. 'ಮಕ್ಕಳನ್ನ ಕಿತ್ಕೊಂಡು ಹೋಗ್ತಾರೆ' ಅಂತ ಹೆದರಿ ಸುಮ್ನೆ ಇರಬೇಡಿ. ಬಾಲಮಂದಿರ ಕೊನೆಯ ದಾರಿ. ಅಜ್ಜಿ ನೋಡಿಕೊಳ್ಳುತ್ತೇನೆ ಅಂದರೆ ಅಲ್ಲೇ ಹೇಳಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿಯ ಪ್ರಾಯೋಜಕತ್ವ ಅನ್ನುವ ನೆರವಿಗೂ ಅರ್ಜಿ ಹಾಕಬಹುದು. ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮಗುವನ್ನು ಬೇಕಂತಲೇ ಹಿಂಸಿಸಿದವರಿಗೆ, ನೋಡಿಕೊಳ್ಳದೆ ಕೈಬಿಟ್ಟವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ಕೈಮೀರಿದ ಕಷ್ಟದಲ್ಲಿ ಮಗುವನ್ನು ಬಿಟ್ಟ ಹೆತ್ತವರನ್ನು ಬೇಕಂತ ಬಿಟ್ಟವರು ಎಂದು ಕಾನೂನು ನೋಡುವುದಿಲ್ಲ.

ಲೈಂಗಿಕ ದೌರ್ಜನ್ಯವಾದರೆ ದಾರಿ ಉದ್ದ. ಗೊತ್ತಾದ ಮೇಲೆ ದೂರು ಕೊಡದೆ ಮುಚ್ಚಿಡುವುದೇ ಅಪರಾಧ, 6 ತಿಂಗಳವರೆಗೆ ಜೈಲಾಗಬಹುದು. ಮಗುವಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಪೊಲೀಸರು ಯೂನಿಫಾರ್ಮ್ ಇಲ್ಲದೆ ಮನೆಗೇ ಬಂದು ಹೇಳಿಕೆ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಎಸ್‌ಐ ಬರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಕೂರಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ, ಅದನ್ನು ಪಡೆಯದೆ ಎದ್ದು ಬರಬೇಡಿ. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು 'ಮೊದಲು ಪೊಲೀಸ್ ಪತ್ರ ತನ್ನಿ' ಅನ್ನುವ ಹಾಗಿಲ್ಲ. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು.

ವಯಸ್ಸಿನ ದಾಖಲೆಯನ್ನು ಅದೇ ವಾರ ಹುಡುಕಿ. ಇದನ್ನು ಒತ್ತಿ ಹೇಳುತ್ತೇನೆ. ಮಗುವಿಗೆ 18 ತುಂಬಿಲ್ಲ ಅಂತ ತೋರಿಸದಿದ್ದರೆ ಪೋಕ್ಸೋ ಕೇಸೇ ನಿಲ್ಲುವುದಿಲ್ಲ. ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ.

ಪೊಲೀಸರು 24 ಗಂಟೆಯೊಳಗೆ ಸಿಡಬ್ಲ್ಯೂಸಿಗೆ ತಿಳಿಸಬೇಕು. ಅಲ್ಲಿ ನಿಮಗೆ ಬೆಂಬಲ ವ್ಯಕ್ತಿ ಬೇಕು ಅಂತ ಬರೆದು ಕೇಳಿ. ಮಗು, ಮನೆಯವರು ಒಪ್ಪಿದರೆ ಮಾತ್ರ ನೇಮಿಸುತ್ತಾರೆ. ನಮ್ಮಲ್ಲಿ ಯಾರಾದರೂ ಮಗುವಿಗೆ ಹಿಡಿಸದಿದ್ದರೆ ಕಾರಣ ಹೇಳದೆಯೇ ಬೇಡ ಅನ್ನಬಹುದು. ಬಸ್ ಚಾರ್ಜು, ಊಟ, ಬಟ್ಟೆಗೆ ತಕ್ಷಣದ ನೆರವನ್ನೂ ಸಮಿತಿಯಲ್ಲೇ ಕೇಳಿ. ಸರ್ಕಾರದ ವಕೀಲರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್ (ಪಿಪಿ), ಕೇಸು ನಡೆಸಿದರೂ ಮಗುವಿನ ಪರವಾಗಿ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಕೈಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, 15100ಕ್ಕೆ ಕರೆ ಮಾಡಿ.

ಕೇಸು ಹಾಳಾಗುವುದನ್ನು ನಾನು ಹೆಚ್ಚು ಕಂಡಿರುವುದು ಚಾರ್ಜ್‌ಶೀಟ್ ಆದ ಮೇಲಿನ ಕಾಯುವಿಕೆಯಲ್ಲಿ. ನ್ಯಾಯಾಲಯ ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗಬೇಕು, ಆದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಅನ್ನುತ್ತದೆ ಕಾಯ್ದೆ. ಆದರೆ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಅಷ್ಟರಲ್ಲಿ ಊರ ಹಿರಿಯರು ಬರುತ್ತಾರೆ. 'ಹುಡುಗಿ ಮದುವೆ ಹೆಂಗ್ ಮಾಡ್ತೀರಿ, ರಾಜಿ ಮಾಡ್ಕೊಳ್ಳಿ' ಅನ್ನುತ್ತಾರೆ. ಇದು ರಾಜಿಯಾಗುವ ಕೇಸಲ್ಲ. ಮನೆಯವರು ಒಪ್ಪಂದ ಮಾಡಿಕೊಂಡರೆಂದು ಹೈಕೋರ್ಟ್ ರದ್ದು ಮಾಡಿದ್ದ ರಾಜಸ್ಥಾನದ ಒಂದು ಕೇಸನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೆ ಜೀವಂತ ಮಾಡಿತು. ಯಾರಾದರೂ ಒತ್ತಡ ಹಾಕಿದರೆ ತಾರೀಕು ಸಮೇತ ಬರೆದು ಪಿಪಿಗೆ, ತನಿಖಾಧಿಕಾರಿಗೆ ಕೊಡಿ.

ಸಾಕ್ಷ್ಯದ ದಿನಕ್ಕೆ ಮುಂಚೆ ಒಮ್ಮೆ ಮಗುವಿಗೆ ಖಾಲಿ ಕೋರ್ಟ್ ಹಾಲ್ ತೋರಿಸಿ. ಜಡ್ಜ್ ಎಲ್ಲಿ ಕೂರುತ್ತಾರೆ, ಟೈಪ್ ಮಾಡುವವರು ಯಾರು, ಶೌಚಾಲಯ ಎಲ್ಲಿ ಅಂತ ಹೇಳಿ. ಉತ್ತರಗಳನ್ನು ಮಾತ್ರ ಬಾಯಿಪಾಠ ಮಾಡಿಸಬೇಡಿ. 'ನಿಮ್ಮಮ್ಮ ಹೇಳಿಕೊಟ್ಟಿದ್ದು ಅಲ್ವಾ?' ಅನ್ನುವುದು ಪಾಟಿ ಸವಾಲಿನಲ್ಲಿ, ಅಂದರೆ ಆರೋಪಿ ಪರ ವಕೀಲರು ಪ್ರಶ್ನಿಸುವಾಗ, ಬರುವ ಖಾಯಂ ಪ್ರಶ್ನೆ. ಕಲಿಸಬೇಕಾದದ್ದು ಇಷ್ಟೇ: 'ಗೊತ್ತಿಲ್ಲ', 'ನೆನಪಿಲ್ಲ', 'ಪ್ರಶ್ನೆ ಅರ್ಥ ಆಗಲಿಲ್ಲ' ಅಂತ ಧೈರ್ಯವಾಗಿ ಹೇಳಬಹುದು ಅಂತ.

ಪಾಟಿ ಸವಾಲು ಹೇಗಿರಬೇಕು ನೋಡಿ. ಆರೋಪಿ ಪರ ವಕೀಲರು ನೇರವಾಗಿ ಮಗುವನ್ನು ಕೇಳುವಂತಿಲ್ಲ. ಪ್ರಶ್ನೆ ಜಡ್ಜ್‌ಗೆ ಹೋಗಬೇಕು, ಜಡ್ಜ್ ಮಗುವಿಗೆ ಕೇಳಬೇಕು. 'ಆವತ್ತು ನೀನೇ ಅಂಗಡಿಗೆ ಹೋಗಿದ್ದೆ, ಅಲ್ಲಿ ಏನೂ ಆಗಲಿಲ್ಲ, ಸರೀನಾ?' ಅಂತ ವಕೀಲರು ಕೇಳಿದರೆ ಮಗು ಅಂಗಡಿಗೆ ಹೋಗಿದ್ದಕ್ಕೆ 'ಹೂಂ' ಅಂದುಬಿಡುತ್ತದೆ. ದಾಖಲೆಯಲ್ಲಿ ಎರಡಕ್ಕೂ ಹೂಂ ಅಂದ ಹಾಗಾಗುತ್ತದೆ. ಒಳ್ಳೆಯ ಜಡ್ಜ್ ಅದನ್ನು ಒಡೆಯುತ್ತಾರೆ. 'ಅಂಗಡಿಗೆ ಹೋಗಿದ್ಯಾ ಪುಟ್ಟಾ?' ಅಂತ ಕೇಳಿ ಉತ್ತರ ಬರೆಸುತ್ತಾರೆ. ಆಮೇಲೆ 'ಅಲ್ಲಿ ಏನಾಯ್ತು?' ಅನ್ನುತ್ತಾರೆ. ಹೀಗೆ ಆಗದಿದ್ದರೆ ಪಿಪಿ ಎದ್ದು ನಿಂತು ಕೇಳಬೇಕು. ಹಿಂದಿನ ದಿನವೇ ಅವರಿಗೆ ನೆನಪಿಸಿ. ಆರೋಪಿ ಕಣ್ಣಿಗೆ ಬೀಳದಂತೆ ಪರದೆ ಅಥವಾ ವಿಡಿಯೋ ವ್ಯವಸ್ಥೆ, ಮುಚ್ಚಿದ ಬಾಗಿಲ ವಿಚಾರಣೆ, ಮಧ್ಯೆ ಮಧ್ಯೆ ಬಿಡುವು, ನೀವು ಪಕ್ಕದಲ್ಲಿ ಕೂರುವುದು, ಎಲ್ಲವೂ ಮಗುವಿನ ಹಕ್ಕು. ತಾಂಡಾದ ಮಗು ಲಂಬಾಣಿಯಲ್ಲೇ ಮಾತಾಡಿದರೆ ಭಾಷಾಂತರಕಾರರನ್ನು ಮೊದಲೇ ಕೇಳಿ. ಒಡೆದ ಕನ್ನಡದಲ್ಲಿ ಅದು ಅರ್ಧ ಹೇಳಿ ಸುಮ್ಮನಾಗುತ್ತದೆ.

ತೀರ್ಪಿಗೆ ಕಾಯದೆ ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಿ. ಆದೇಶವಾದ ಮೇಲೆ 30 ದಿನದೊಳಗೆ ಹಣ ಬರಬೇಕು. ಆರೋಪಿ ಖುಲಾಸೆಯಾದರೂ, ಸಿಗದೇ ಹೋದರೂ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಖುಲಾಸೆಯಾದರೆ ಮೇಲ್ಮನವಿ ಹಾಕುವ ಹಕ್ಕು ಮಗುವಿನ ಕಡೆಯವರಿಗೂ ಇದೆ. ಹಾಗಾಗಿ ತೀರ್ಪಿನ ದೃಢೀಕೃತ ಪ್ರತಿಗೆ ಅದೇ ದಿನ ಅರ್ಜಿ ಕೊಟ್ಟು, ಉಚಿತ ವಕೀಲರ ಹತ್ತಿರ ತೆಗೆದುಕೊಂಡು ಹೋಗಿ.