ಟೈರಿನ ಗುರುತಿದ್ದಲ್ಲೆಲ್ಲ ದಾರಿಯಿಲ್ಲ

ಅಮೆರಿಕದ ಕೊಲರಾಡೋ ರಾಜ್ಯದ ರಾಷ್ಟ್ರೀಯ ಅರಣ್ಯವೊಂದಕ್ಕೆ ನನ್ನ ಆಫ್‌ರೋಡ್ ಬಂಡಿಯನ್ನು, ಇಬ್ಬರು ಪಕ್ಕಪಕ್ಕ ಕೂರುವಂಥದ್ದು, ಮೊದಲ ಸಲ ಒಯ್ದಾಗ ನನ್ನ ಲೆಕ್ಕ ಸರಳವಾಗಿತ್ತು. ಸರ್ಕಾರಿ ಜಮೀನು, ಗೇಟು ಇಲ್ಲ, ನೆಲದ ಮೇಲೆ ಟೈರಿನ ಗುರುತು ಬೇರೆ ಇದೆ. ಇನ್ನೇನು ಬೇಕು?

ತಿರುವಿನಲ್ಲಿ ಎದುರಾದ ಅರಣ್ಯಾಧಿಕಾರಿ ಬೈಯಲಿಲ್ಲ. ಅಳತೆ ಟೇಪು ತೆಗೆದು ಒಂದು ಗಾಲಿಯ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಹಿಡಿದರು. 64 ಇಂಚು. ಆ ಜಾಡು 50 ಇಂಚು ಅಥವಾ ಅದಕ್ಕಿಂತ ಕಿರಿದಾದ ವಾಹನಗಳಿಗೆ ಮೀಸಲು.

“ಬೋರ್ಡು ಇರಲಿಲ್ಲವಲ್ಲ ಸಾರ್” ಎಂದೆ.

“ನಕ್ಷೆ ಇದೆಯಲ್ಲ” ಎಂದರು.

ದಂಡ ಹಾಕದೆ ಎಚ್ಚರಿಕೆ ಚೀಟಿ ಕೊಟ್ಟರು. ಆದರೆ ಬಂಡಿ ತಿರುಗಿಸಲು ಜಾಗವಿರಲಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಇಳಿಜಾರು. ಅರ್ಧ ಮೈಲಿ ಕತ್ತು ಹೊರಳಿಸಿಕೊಂಡು ರಿವರ್ಸ್ ಬಂದೆ. ದಂಡವೇ ವಾಸಿಯಿತ್ತು.

ಅವರು ಹೇಳಿದ್ದು ‘ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್’. 2005ರ ನಿಯಮದಂತೆ, ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ ಪುಕ್ಕಟೆಯಾಗಿ ಕೊಡುವ ಕಪ್ಪುಬಿಳುಪು ಹಾಳೆ. ಅಂದ ಚಂದ ಏನೂ ಇಲ್ಲ, ಆದರೆ ಕಾನೂನು ಅದೇ. ಅದರಲ್ಲಿ ಗೆರೆ ಇಲ್ಲದ ದಾರಿಗೆ ವಾಹನ ಇಳಿಸುವಂತಿಲ್ಲ, ಬೋರ್ಡು ಇರಲಿ ಬಿಡಲಿ. ಗೆರೆ ಇದ್ದರೂ ಸಾಲದು. ಎಲ್ಲ ವಾಹನಗಳಿಗೆ ಒಂದು ಗೆರೆ, ರಸ್ತೆಗೆ ಇಳಿಯಲು ಅರ್ಹತೆಯಿರುವ ವಾಹನಗಳಿಗೆ ಮಾತ್ರ ಇನ್ನೊಂದು, 50 ಇಂಚಿನೊಳಗಿನವಕ್ಕೆ ಮತ್ತೊಂದು, ಬೈಕುಗಳಿಗೇ ಬೇರೊಂದು. ಜೊತೆಗೆ ಯಾವ ದಾರಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತೆರೆದಿರುತ್ತದೆ ಎಂಬ ಪಟ್ಟಿ. ಈಗ ನಾನು ಅದನ್ನು ಪಂಚಾಂಗದ ಹಾಗೆ, ದಾರಿಯ ಸಂಖ್ಯೆಗೆ ಬೆರಳಿಟ್ಟು ಓದುತ್ತೇನೆ.

ಇದು ಫಾರೆಸ್ಟ್ ಸರ್ವಿಸ್ ಕಥೆ ಮಾತ್ರ. ಬೇಲಿಯೂ ಇಲ್ಲದೆ ಪಕ್ಕದಲ್ಲೇ ಶುರುವಾಗುವ ಜಮೀನು ಕೇಂದ್ರ ಸರ್ಕಾರದ ಇನ್ನೊಂದು ಸಂಸ್ಥೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನದ್ದಾಗಿರಬಹುದು. ಅವರ ಲೆಕ್ಕದಲ್ಲಿ ನೆಲವೇ ಮೂರು ಬಗೆ: ಮುಕ್ತ, ಸೀಮಿತ, ನಿಷಿದ್ಧ. ಸೀಮಿತವೆಂದರೆ ಹೆಚ್ಚಾಗಿ ಗುರುತಿಸಿದ ದಾರಿ ಬಿಟ್ಟು ಕದಲಬಾರದೆಂದು ಅರ್ಥ. 1964ರ ಕಾಯ್ದೆಯಡಿ ‘ವೈಲ್ಡರ್‌ನೆಸ್’, ಅಂದರೆ ಕಾಡು ಕಾಡಾಗಿಯೇ ಇರಬೇಕಾದ ನೆಲ, ಎಂದು ಘೋಷಿಸಿದ ಜಾಗವಾದರೆ ಇಂಜಿನ್ನಿನ ಮಾತೇ ಬೇಡ. ಇವೆಲ್ಲದರ ಮೇಲೆ ರಾಜ್ಯದ ನೋಂದಣಿ ಸ್ಟಿಕ್ಕರ್, ಸೈಲೆನ್ಸರ್‌ನಿಂದ ಕಿಡಿ ಹಾರದಂತೆ ತಡೆಯುವ ಸ್ಪಾರ್ಕ್ ಅರೆಸ್ಟರ್. ಎರಡು ಜಾಡುಗಳ ನಡುವೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ರಸ್ತೆ ಬಂದರೆ ಅದಕ್ಕೆ ಕೌಂಟಿಯ ನಿಯಮ. ನನಗೆ ಅತಿ ಹೆಚ್ಚು ತಲೆಬಿಸಿ ಕೊಟ್ಟಿದ್ದು ಈ ಕಾಲು ಮೈಲಿ ಡಾಂಬರೇ.

ಹೊರಡುವ ಹಿಂದಿನ ದಿನ ರೇಂಜರ್ ಕಚೇರಿಗೆ ಫೋನ್ ಮಾಡುತ್ತೇನೆ. “ಈ ಸಂಖ್ಯೆಯ ದಾರಿ, 64 ಇಂಚಿನ ಬಂಡಿ, ನಾಳೆ ಹೋಗಬಹುದೇ?” ಹೀಗೆ ಕೇಳಿದರೆ ಖಚಿತ ಉತ್ತರ ಸಿಗುತ್ತದೆ. “ಅಲ್ಲಿ ಓಡಿಸಬಹುದಾ?” ಎಂದು ಕೇಳಿದಾಗಲೆಲ್ಲ “ನಕ್ಷೆ ನೋಡಿ” ಎಂಬ ಉತ್ತರವೇ ಬಂದಿದೆ.

ಅಂದು ತಲುಪಲಾಗದ ಜಾಡಿನ ತುದಿಯಲ್ಲೊಂದು ಕೆರೆಯಿದೆ. ಮುಂದಿನ ಬೇಸಿಗೆಯಲ್ಲಿ ಬಂಡಿಯನ್ನು ಕೆಳಗೆ ನಿಲ್ಲಿಸಿ ನಡೆದೇ ಹೋಗಿ ನೋಡಿ ಬಂದೆ.