ಭಾನುವಾರ ಆರೂವರೆ, ಕುಕ್ಕರಹಳ್ಳಿ ಕೆರೆ

ನಾನು ಶುರುಮಾಡಿದ ಹಕ್ಕಿ ನೋಡುವ ನಡಿಗೆಗೆ ಮೊದಲ ಭಾನುವಾರ ಹದಿನೆಂಟು ಜನ ಬಂದಿದ್ದರು. ಮೂರನೆಯ ಭಾನುವಾರ ನನ್ನನ್ನೂ ಸೇರಿಸಿ ಮೂವರು. ಆಗ ನಾನು ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಪ್ರಾಣಿಶಾಸ್ತ್ರ ಓದಿದವಳಲ್ಲ, ಹಕ್ಕಿಗಳ ಹುಚ್ಚು ಮಾತ್ರ ಇತ್ತು.

ಜನ ಯಾಕೆ ಬಿಟ್ಟರು ಅನ್ನುವುದು ನಿಧಾನವಾಗಿ ಅರ್ಥವಾಯಿತು. ವಾರಕ್ಕೊಂದು ಜಾಗ ಹುಡುಕುತ್ತಿದ್ದೆ, ಹಿಂದಿನ ರಾತ್ರಿ ಹೊತ್ತು ಬದಲಾಯಿಸುತ್ತಿದ್ದೆ, ‘ನವರಂಗ ಸಿಗಬಹುದು, ಬನ್ನಿ’ ಎಂದು ಆಸೆ ಹುಟ್ಟಿಸುತ್ತಿದ್ದೆ. ನವರಂಗ ಚಳಿಗಾಲಕ್ಕೆ ಬರುವ ಹಕ್ಕಿ, ಪೊದೆಯ ಕೆಳಗಿನ ಒಣಗಿದೆಲೆಯಲ್ಲಿ ಓಡಾಡಿಕೊಂಡಿರುತ್ತದೆ. ಕರೆದಾಗ ಎದುರಿಗೆ ಬಂದು ನಿಲ್ಲುವುದಿಲ್ಲ. ಬೆಳಿಗ್ಗೆ ನಿದ್ದೆಗೆಟ್ಟು ಬಂದವರು ಬೇಸರಪಟ್ಟುಕೊಂಡು ಹೋದರು.

ಆಮೇಲೆ ಎರಡೇ ತೀರ್ಮಾನ ಮಾಡಿದೆ. ಪ್ರತಿ ಭಾನುವಾರ ಆರೂವರೆಗೆ ಹೊರಡುವುದು, ಯಾರು ಬರಲಿ ಬಿಡಲಿ. ಮತ್ತು ಒಂದೇ ದಾರಿ. ಕ್ಯಾಂಪಸ್ಸಿನ ಮರಗಳ ಸಾಲಿನಲ್ಲಿ ಶುರುವಾಗಿ, ಕುಕ್ಕರಹಳ್ಳಿ ಕೆರೆಯ ದಂಡೆಗೆ ಇಳಿದು, ಎಂಟೂವರೆ ಹೊತ್ತಿಗೆ ಟೀ ಅಂಗಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ ಇದು, ಕುವೆಂಪು ಅವರು ದಿನಾ ತಿರುಗಾಡುತ್ತಿದ್ದ ದಂಡೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ದಾರಿ ಆರಿಸಿಕೊಂಡೆ. ಸೂರ್ಯ ಎದುರಿಗಿದ್ದರೆ ನೀರುಕಾಗೆಯೂ ಕಪ್ಪು, ಹಾವಕ್ಕಿಯೂ ಕಪ್ಪು, ಹೊಸಬರಿಗೆ ಕಲಿಯಲು ಏನೂ ಉಳಿಯುವುದಿಲ್ಲ.

ಮೊದಲ ಹದಿನೈದು ನಿಮಿಷ ಯಾರೂ ಬೈನಾಕ್ಯುಲರ್ ಮುಟ್ಟುವ ಹಾಗಿಲ್ಲ. ಸುಮ್ಮನೆ ನಿಂತು ಕೇಳುವುದು. ಇದನ್ನು ತಂದದ್ದು ಬೇರೆ ದಾರಿಯಿಲ್ಲದೆ, ಏಕೆಂದರೆ ಆಗ ಗುಂಪಿಗೆಲ್ಲ ಇದ್ದದ್ದು ಎರಡೇ ಬೈನಾಕ್ಯುಲರ್. ಈಗ ಒಂಬತ್ತು ಇವೆ, ಆದರೂ ಈ ಪದ್ಧತಿ ಬಿಟ್ಟಿಲ್ಲ. ‘ಕುಟ್ರು ಕುಟ್ರು ಕುಟ್ರು’ ಎಂದು ಮರದ ನೆತ್ತಿಯಿಂದ ಕೂಗುವುದು ಹಸಿರು ಕುಟ್ರುಹಕ್ಕಿ. ಕಂಚುಗಾರ ಹಕ್ಕಿಯದು ಒಂದೇ ಲಯದ ‘ಟಕ್ ಟಕ್ ಟಕ್’, ಪಾತ್ರೆಗೆ ಸುತ್ತಿಗೆ ಹಾಕಿದಂತೆ. ಟುವ್ವಿಗೆ ಅದರ ಕೂಗೇ ಹೆಸರು, ಟಿಟ್ಟಿಭಕ್ಕೂ ಅಷ್ಟೇ. ಕನ್ನಡದ ಹೆಸರು ಗೊತ್ತಿದ್ದರೆ ಅರ್ಧ ಹಕ್ಕಿ ಗೊತ್ತಾದಂತೆ ಎಂದು ನಾನು ಹೊಸಬರಿಗೆ ಹೇಳುತ್ತಲೇ ಇರುತ್ತೇನೆ.

ನನಗೆ ಈ ಹೆಸರುಗಳಲ್ಲಿ ಎಷ್ಟೋ ಕಲಿಸಿದ್ದು ಪುಸ್ತಕವಲ್ಲ, ತೋಟದ ಕೆಲಸದ ಒಬ್ಬ ಹಿರಿಯರು. ನಾನು ಪೊದೆಯೊಳಗಿನ ‘ಊಪ್ ಊಪ್’ ಸದ್ದಿಗೆ ತಲೆ ಕೆಡಿಸಿಕೊಂಡು ನಿಂತಿದ್ದಾಗ ಪೈಪು ಹಿಡಿದುಕೊಂಡೇ, “ಕೆಂಬೂತ ಕಣಮ್ಮ ಅದು. ನೀವು ಮೇಲೆ ನೋಡ್ತಾ ಇದೀರಿ, ಅದು ನೆಲದಲ್ಲಿ ನಡೀತಾ ಇರ್ತದೆ” ಅಂದರು. ಟುವ್ವಿಯ ಗೂಡು ತೋರಿಸಿದವರೂ ಅವರೇ. ಎಳೆಯ ತೇಗದ ಗಿಡದ ಒಂದೇ ಎಲೆ, ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದಿತ್ತು. ಕೊಕ್ಕಿನಿಂದ ತೂತು ಮಾಡಿ, ಜೇಡರ ಬಲೆಯ ಎಳೆ, ಹತ್ತಿಯ ಎಳೆ ತೂರಿಸಿತ್ತು. ಎಳೆ ಜಾರದಂತೆ ಹೊರಗಡೆ ಒಂದೊಂದು ತೂತಿನ ಬಾಯಲ್ಲೂ ಸಣ್ಣ ಉಂಡೆ. ಎಲೆ ಬಾಡಿರಲಿಲ್ಲ, ಹಸಿರಾಗಿಯೇ ಇತ್ತು. ನಾವು ಎಂಟು ಜನ ಒಬ್ಬೊಬ್ಬರಾಗಿ, ನಾಲ್ಕು ಮಾರು ದೂರದಿಂದ, ಅರ್ಧರ್ಧ ನಿಮಿಷ ನೋಡಿ ಹಿಂದೆ ಸರಿದೆವು.

ಅಷ್ಟು ಎಚ್ಚರ ಬಂದದ್ದು ಒಂದು ತಪ್ಪಿನಿಂದ. ತಪ್ಪು ನನ್ನದೇ. ಎರಡನೆಯ ವರ್ಷದ ಏಪ್ರಿಲ್, ಮಡಿವಾಳ ಹಕ್ಕಿ ಮರಿ ಮಾಡುವ ಕಾಲ. ಹೊಸಬರಿಗೆ ಹತ್ತಿರದಿಂದ ತೋರಿಸುವ ಆಸೆಗೆ ಮೊಬೈಲಿನಲ್ಲಿ ಅದರ ಹಾಡು ಹಾಕಿದೆ. ಗಂಡು ಹಕ್ಕಿ ತಕ್ಷಣ ಬಂತು. ಕೊಕ್ಕಿನಲ್ಲಿ ಹಸಿರು ಹುಳು, ಮರಿಗೆ ಒಯ್ಯುತ್ತಿದ್ದದ್ದು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡು ನನ್ನ ಕೈಯ ಸುತ್ತ ಹಾರಿತು, ಬಾಲ ನಿಮಿರಿಸಿ ಕೊಂಬೆಯಿಂದ ಕೊಂಬೆಗೆ ಜಿಗಿಯಿತು. ಹುಳು ನೆಲಕ್ಕೆ ಬಿತ್ತು. ಮೊಬೈಲ್ ಆರಿಸಿದ ಮೇಲೂ ಹತ್ತು ನಿಮಿಷ ಅದು ಇಲ್ಲದ ವೈರಿಯನ್ನು ಹುಡುಕುತ್ತಲೇ ಇತ್ತು. ಆವತ್ತಿಂದ ನಮ್ಮ ನಡಿಗೆಯಲ್ಲಿ ಕೂಗು ಹಾಕಿ ಕರೆಯುವುದು ಸಂಪೂರ್ಣ ನಿಷಿದ್ಧ. ಒಳ್ಳೆಯ ಕ್ಯಾಮೆರಾ ಇರುವ ಕೆಲವರು ಇದೇ ಕಾರಣಕ್ಕೆ ಬರುವುದು ಬಿಟ್ಟರು. ಬಿಡಲಿ.

ಇನ್ನು ಪಟ್ಟಿ. ಒಬ್ಬರು ಬರೆಯುವುದು, ವಾರಕ್ಕೊಬ್ಬರ ಪಾಳಿ. ಕಾಗೆ, ಗೊರವಂಕ, ಪಾರಿವಾಳ ಎಲ್ಲವನ್ನೂ ಎಣಿಸಿ ಬರೆಯಬೇಕು. ‘ಕಾಗೇನೂ ಬರೀಬೇಕಾ ಮೇಡಂ?’ ಎಂದು ಹೊಸಬರು ಕೇಳಿಯೇ ಕೇಳುತ್ತಾರೆ. ಬರೆಯಲೇಬೇಕು. ಕಂಡದ್ದನ್ನೆಲ್ಲ ಬರೆದಾಗ ಮಾತ್ರ, ಬರೆಯದೆ ಉಳಿದದ್ದು ಆವತ್ತು ಕಾಣಲಿಲ್ಲ ಎಂದು ಹೇಳಲು ಸಾಧ್ಯ. ಟೀ ಕುಡಿಯುತ್ತಲೇ ಆ ಪಟ್ಟಿಯನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಏರಿಸುತ್ತೇವೆ, ನಡೆದ ದೂರ ಮತ್ತು ಹೊತ್ತಿನ ಸಮೇತ. ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದ ಕ್ಯಾಂಪಸ್ಸುಗಳಲ್ಲೆಲ್ಲ ನಡೆಯುವ ಹಕ್ಕಿಗಣತಿಗೆ ನಮಗೆ ಬೇರೆ ತಯಾರಿಯೇ ಬೇಕಾಗುವುದಿಲ್ಲ. ಹೆಜ್ಜಾರ್ಲೆಗಳನ್ನು (ಪೆಲಿಕನ್) ಇಬ್ಬರು ಬೇರೆಬೇರೆಯಾಗಿ ಎಣಿಸುತ್ತಾರೆ. ನಡುಗಡ್ಡೆಯ ಮರದಲ್ಲಿ ಒತ್ತೊತ್ತಾಗಿ ಕೂತಾಗ ಒಬ್ಬರಿಗೆ 23, ಇನ್ನೊಬ್ಬರಿಗೆ 27. ಆಗ ಮತ್ತೆ ಎಣಿಕೆ.

ಒಂದೇ ದಾರಿಯಲ್ಲಿ ನಾಲ್ಕು ವರ್ಷ ನಡೆದದ್ದರ ಫಲ ನನಗೆ ಕಂಡದ್ದು ಒಂದು ಪುಟ್ಟ ಹಕ್ಕಿಯಲ್ಲಿ. ಬೂದು ಸಿಪಿಲೆ, ಹೊಟ್ಟೆ ಹಳದಿ, ಉದ್ದ ಬಾಲ, ಕೂತಲ್ಲಿ ನಿಂತಲ್ಲಿ ಬಾಲ ಕುಣಿಸುವುದೇ ಕೆಲಸ. ಹಿಮಾಲಯದ ಕಡೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕಡೆ ಇಳಿಯುತ್ತದೆ. ಅದು ನಮ್ಮ ದಾರಿಯ ಒಂದು ಚರಂಡಿಯ ಕಟ್ಟೆಗೆ ಬರುವುದು ಸೆಪ್ಟೆಂಬರ್ ನಡುವಿನಲ್ಲಿ. ನಾಲ್ಕೂ ವರ್ಷ ಅದೇ ಹೊತ್ತು, ಅದೇ ಕಟ್ಟೆ. ಆಗಸ್ಟ್ ಮುಗಿಯುತ್ತಿದ್ದಂತೆ ಅಲ್ಲಿ ಎಲ್ಲರ ನಡಿಗೆ ತಾನಾಗಿ ನಿಧಾನವಾಗುತ್ತದೆ.

ಈ ಸಲ ಆ ಭಾನುವಾರ ನನಗೆ ಜ್ವರ. ಅತಿಥಿ ಉಪನ್ಯಾಸಕಿಯಾದ ಮೇಲೆ ನಾನು ತಪ್ಪಿಸಿದ ಮೊದಲ ನಡಿಗೆ. ಏಳು ಗಂಟೆಗೆ ಎಂ.ಕಾಂ. ಓದುವ ಹುಡುಗಿಯೊಬ್ಬಳ ಮೆಸೇಜು ಬಂತು: “ಮೇಡಂ, ಬಂದಿದೆ. ಕಟ್ಟೆ ಮೇಲೆ. ಒಂದೇ ಒಂದು.” ಆವತ್ತಿನ ಪಾಳಿಯೂ ಅವಳದೇ. ಪಟ್ಟಿಯಲ್ಲಿ 41 ಜಾತಿ ಇದ್ದವು, ಕಾಗೆಯೂ ಸೇರಿ.